ಡೇಟು ದಾಟಿದ ಡಬ್ಬಿ

ಒಸಿ ಜರುಗಿ ಕೂತ್ಕೊಳ್ಳಿ, ದಾರಿ ಬಿಡಿ. ಈಗ ಬರ್ತಿರೋದು ಅಂತಿಂಥ ಹುಡ್ಗಿ ಅಲ್ಲ. ನೀವೆಲ್ಲಾ ಬಿಸ್ಕತ್ ಪ್ಯಾಕೆಟ್ ಕಂಡ ತಕ್ಷಣ ಹರಿದು ಬಾಯಿಗೆ ಹಾಕ್ಕೊಳ್ಳೋ ಪಾರ್ಟಿ ತಾನೆ? ನಮ್ಮ ಭಾನುಪ್ರಿಯ ಹಂಗಲ್ಲ. ಅವ್ಳು ಮೊದ್ಲು ಪ್ಯಾಕೆಟ್ಟಿನ ಬೆನ್ನು ತಿರುಗಿಸ್ತಾಳೆ. ಬೆನ್ನಲ್ಲಿ ಡೇಟ್ ಸರಿಯಾಗಿದ್ರೆ ಪ್ಯಾಕೆಟ್ ಬಚಾವ್. ಇಲ್ಲಾಂದ್ರೆ ಅದರ ಕತೆ ಮುಗೀತು. ಇಡೀ ಚನ್ನಪಟ್ಟಣದಲ್ಲಿ ಅವಳ ಕಣ್ಣು ತಪ್ಪಿಸಿ ಒಂದೇ ಒಂದು ಬನ್ನು ಬದುಕಿಲ್ಲ, ಗೊತ್ತಾ?

ನಂಬಲ್ವಾ? ನೋಡಿ, ಈಗ್ಲೇ ಒಬ್ಬ ಕಳ್ಳ ಸಿಕ್ಕಾಕ್ಕೊಂಡವ್ನೆ.

"ಅಲ್ಲೇ ನಿಲ್ಲು! ಅಲುಗಾಡಂಗಿಲ್ಲ!"

ಭಾನು ಅಪ್ಪನ ಕೂಲಿಂಗ್ ಗ್ಲಾಸ್ ಹಾಕ್ಕೊಂಡಿದ್ಲು. ಅದು ಮೂಗಿನ ಮೇಲಿಂದ ಜಾರ್ತಾನೇ ಇತ್ತು. ಎದುರಿಗೆ ಸ್ಟೂಲ್ ಮೇಲೆ ಒಂದು ರಸ್ಕ್ ಪ್ಯಾಕೆಟ್ ಕೂತಿತ್ತು. ಪಾಪ, ಅದೆಲ್ಲಿ ಅಲುಗಾಡುತ್ತೆ?

"ಅಸಿಸ್ಟೆಂಟ್ ಸಾನಾ, ಡೇಟ್ ಓದು."

ಪಕ್ಕದ ಮನೆ ಸಾನಾ ಪ್ಯಾಕೆಟ್ ಎತ್ತಿ, ಕಣ್ಣು ಕಿರಿದು ಮಾಡಿ ಓದಿದ್ಲು. "ಮೇಡಂ, ಇದು ಹೋದ ತಿಂಗ್ಳೇ ಮುಗ್ದೋಗೈತೆ!"

ಭಾನು ಕನ್ನಡಕ ಮೇಲಕ್ಕೆ ತಳ್ಳಿದ್ಲು. ಬೆರಳು ಎತ್ತಿ ಹೇಳಿದ್ಲು:

"ಡೇಟು ದಾಟಿದ್ಮೇಲೆ ಈ ಮನೆ ಗೇಟು ದಾಟಂಗಿಲ್ಲ!"

ಮಂಚದ ಮೇಲೆ ಮಲಗಿದ್ದ ಅಪ್ಪ ನಾಗರಾಜು ನಕ್ಕ ಜೋರಿಗೆ ಕಾಲು ಎಳೆದು "ಅಯ್ಯಯ್ಯೋ" ಅಂದ. ಅಪ್ಪನ ಬಲಗಾಲಿಗೆ ತೊಡೆವರೆಗೂ ಪಟ್ಟಿ ಹಾಕಿದ್ರು. ಅಪ್ಪಂದು ಲಗೇಜ್ ಆಟೋ. ರಾಮನಗರದ ಗೂಡಿನ ಮಾರ್ಕೆಟ್ಟಲ್ಲಿ ರೇಷ್ಮೆಗೂಡಿನ ಚೀಲ ಇಳಿಸೋವಾಗ ಜಾರಿ ಬಿದ್ದು ಮೂಳೆ ಮುರ್ಕೊಂಡಿದ್ದ.

ಕಾಲು ಮುರಿದೋರ ಮನೆಗೆ ಜನ ಬರ್ತಾರೆ. ಬರಿಗೈಲಿ ಬರಕ್ಕಾಗುತ್ತಾ? ಒಬ್ರು ಬ್ರೆಡ್ಡು ತರ್ತಾರೆ, ಒಬ್ರು ಮೂಸಂಬಿ, ಇನ್ನೊಬ್ರು ಬಿಸ್ಕತ್ತು. ಭಾನು ಮನೆ ಶೆಲ್ಫು ಒಂದು ಬೇಕರಿ ಆಗೋಗಿತ್ತು. ಅಷ್ಟನ್ನೂ ಮನೆಯೋರೇ ತಿನ್ನಕ್ಕಾಗಲ್ಲ. ಉಳಿದಿದ್ದನ್ನ ಎತ್ತಿಡೋದು. ನಾಳೆ ಇನ್ಯಾರನ್ನೋ ನೋಡಕ್ಕೆ ಹೋಗುವಾಗ ಅದ್ರಲ್ಲೇ ಒಂದು ಎತ್ಕೊಂಡು ಹೋಗೋದು. ನಿಮ್ಮನೇಲೂ ಹಂಗೇ ತಾನೆ? ಸುಳ್ಳು ಹೇಳ್ಬೇಡಿ, ನಂಗೊತ್ತು.

ಅದೇ ಟೈಮಿಗೆ ಸ್ಕೂಲಲ್ಲಿ ಸೈನ್ಸ್ ಮಿಸ್ಸು, "ಮನೇಲಿರೋ ಪ್ಯಾಕೆಟ್‌ಗಳ ಡೇಟ್ ನೋಡ್ಕೊಂಡು ಬನ್ನಿ" ಅಂತ ಹೇಳಿದ್ರು. ಮಿಸ್ಸು ಹೇಳಿದ್ದು ನೋಡ್ಕೊಂಡು ಬನ್ನಿ ಅಂತ ಅಷ್ಟೇ. ಇನ್‌ಸ್ಪೆಕ್ಟರ್ ಆಗು ಅಂತ ಭಾನೂಗೆ ಯಾರೂ ಹೇಳಿರ್ಲಿಲ್ಲ. ಅದು ಅವಳೇ ಕೊಟ್ಕೊಂಡಿದ್ದ ಪ್ರಮೋಷನ್ನು.

"ಯಾರು ತಂದಿದ್ದು ಈ ರಸ್ಕು?" ಅಂದ್ಲು ಭಾನು.

ಮಂಚದ ಪಕ್ಕ ಚೇರಲ್ಲಿ ಕೂತಿದ್ದ ರೇಣುಕಾಪ್ರಸಾದ್ ಮಾಮ ಎರಡೂ ಕೈ ಮೇಲೆತ್ತಿದ. ಆತ ಅಪ್ಪನ ದೋಸ್ತು. ಬೀದಿ ಮೂಲೇಲಿ ಪ್ರಾವಿಜನ್ ಸ್ಟೋರ್ ಇಟ್ಟಿದ್ದ.

"ತಪ್ಪಾಯ್ತು ಇನ್‌ಸ್ಪೆಕ್ಟ್ರಮ್ಮಾ! ಹಿಂದ್ಗಡೆ ಸೇರ್ಕೊಂಡಿದ್ದ ಮಾಲು. ನಾನ್ ನೋಡ್ಲಿಲ್ಲ. ಈಗ್ಲೇ ಹೊಸಾದು ತಂದ್ಕೊಡ್ತೀನಿ, ಜೈಲಿಗೆ ಹಾಕ್ಬೇಡಿ."

ಎಲ್ರೂ ನಕ್ರು. ಸಾನಾನ ಅಮ್ಮ ರಹೀಮಾ ಆಂಟಿ, "ಏ ನಾಗರಾಜಣ್ಣ, ನಿಮ್ ಮಗಳು ದೊಡ್ಡೋಳಾದ್ಮೇಲೆ ಆಫೀಸರ್ ಆಗೋದು ಗ್ಯಾರಂಟಿ" ಅಂದ್ರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖಾನೂ ಅರಳ್ತು.

ಭಾನು ಎದೆ ಇಷ್ಟಗಲ ಆಯ್ತು.

ಸರಿಯಾಗಿ ಆ ಹೊತ್ತಿಗೆ ಸಿದ್ದಮ್ಮಜ್ಜಿ ಬಂದ್ಲು.

ಸಿದ್ದಮ್ಮಜ್ಜಿ ಅಂದ್ರೆ ಅಪ್ಪನ ದೊಡ್ಡವ್ವ. ಅಪ್ಪ ಚಿಕ್ಕೋನಿದ್ದಾಗ ಎತ್ತಿ ಆಡ್ಸಿದೋಳು. ಅಕ್ಕೂರಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಕೊಂಡು, ರೇಷ್ಮೆ ಹುಳ ಸಾಕ್ಕೊಂಡು ಇದ್ಲು. ಬಿಸಿಲಲ್ಲಿ ಬಸ್ ಇಳಿದು ನಡ್ಕೊಂಡು ಬಂದಿದ್ದಕ್ಕೆ ಮುಖ ಎಲ್ಲಾ ಬೆವರು. ಸೆರಗಲ್ಲಿ ಒರೆಸ್ಕೊಂತಾ ಒಳಗೆ ಬಂದೋಳೇ ಅಪ್ಪನ ತಲೆ ಸವರಿದ್ಲು.

"ಏನ್ ಮಗಾ ಇದು? ಹಿಂಗ್ ಮಾಡ್ಕಂಡ್ಬುಟ್ಟೆ?"

"ಏನಿಲ್ಲ ದೊಡ್ಡವ್ವ, ಕೂತ್ಕೋ. ಈ ಬಿಸ್ಲಲ್ಲಿ ಯಾಕ್ ಬರಕ್ಕೋದೆ?"

"ಕಾಲ್ ಮುರ್ಕಂಡು ಬಿದ್ದವ್ನೆ ಅಂದ್ರೆ ಸುಮ್ಕಿರಕ್ಕಾಯ್ತದಾ?" ಅಜ್ಜಿ ಬಟ್ಟೆ ಚೀಲದೊಳಗೆ ಕೈ ಹಾಕಿದ್ಲು. ಹಳೇ ಟವೆಲ್ಲಲ್ಲಿ ಸುತ್ತಿದ್ದ ಏನನ್ನೋ ತೆಗೆದ್ಲು. ಮಗೂಗೆ ಸ್ನಾನ ಮಾಡ್ಸಿ ಸುತ್ತಿರ್ತಾರಲ್ಲ, ಹಂಗೆ ಸುತ್ತಿದ್ಲು. ಬಿಚ್ಚಿದ್ರೆ ಒಳಗೆ ಹಾಲಿಗೆ ಹಾಕ್ಕೊಂಡು ಕುಡಿಯೋ ಪುಡೀದು ಒಂದು ಡಬ್ಬಿ. ಫಳಫಳ ಅಂತಿತ್ತು. ಒಂದು ಗೀರೂ ಬಿದ್ದಿರ್ಲಿಲ್ಲ.

"ಮೂಳೆಗೆ ಒಳ್ಳೇದಂತೆ ಕಣಪ್ಪ. ದಿನಾ ಹಾಲಿಗೆ ಹಾಕ್ಕಂಡು ಕುಡಿ. ಬ್ಯಾಗ ಕೂಡ್ಕತ್ತದೆ."

ಅಮ್ಮ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದ್ಲು. "ದೊಡ್ಡತ್ತೆ, ಅದು..." ಅಂದೋಳು ಅಲ್ಲಿಗೇ ನಿಲ್ಸಿಬಿಟ್ಲು.

ಭಾನು ಎಲ್ಲಿ ಬಿಡ್ತಾಳೆ? ಒಂದೇ ನೆಗೆತಕ್ಕೆ ಡಬ್ಬಿ ಅವಳ ಕೈಲಿತ್ತು.

"ಚೆಕಿಂಗ್! ಚೆಕಿಂಗ್!"

ತಳ ತಿರುಗಿಸಿ ನೋಡಿದ್ಲು. ಕನ್ನಡಕ ತೆಗೆದು ಇನ್ನೊಂದ್ ಸಲ ನೋಡಿದ್ಲು. ಇಂಥಾ ಬೇಟೆ ಅವಳಿಗೆ ಇದುವರೆಗೂ ಸಿಕ್ಕಿರ್ಲಿಲ್ಲ.

"ಅಯ್ಯಯ್ಯಪ್ಪಾ! ರಸ್ಕು ಹೋದ ತಿಂಗ್ಳದು. ಇದು ಹೋದ ವರ್ಷದ್ದು! ಹೋದ ವರ್ಷ ಯುಗಾದೀಗೇ ಇದರ ಟೈಮ್ ಮುಗ್ದೋಗೈತೆ!"

"ಇದು ನನ್ನಂಗಡಿ ಮಾಲಲ್ಲಪ್ಪ" ಅಂದ ರೇಣುಕಾಪ್ರಸಾದ್ ಮಾಮ. ಮತ್ತೆ ನಗು.

ನಗು ಕೇಳಿದ್ರೆ ಭಾನೂಗೆ ಏನಾಗುತ್ತೋ ಏನೋ. ಒಳಗಿಂದ ಒಬ್ಬ ಹೀರೋ ಎದ್ದು ನಿಂತ್ಕೊಂಡ್ಬಿಡ್ತಾನೆ. ಡೈಲಾಗ್ ತಲೆಗೆ ಬರೋಕ್ ಮುಂಚೆನೇ ಬಾಯಿಗೆ ಬಂದಿರುತ್ತೆ. ಅವಳು ಒಂದು ಕೈಲಿ ಡಬ್ಬಿ ಎತ್ತಿ ಹಿಡಿದ್ಲು. ಇನ್ನೊಂದು ಕೈಯನ್ನ ಅಜ್ಜಿ ಕಡೆ ಚಾಚಿದ್ಲು.

"ಮಹಾಜನಗಳೇ! ಅಜ್ಜಿ, ಡಬ್ಬಿ, ಎರಡೂ ಎಕ್ಸ್‌ಪೈರಿ!"

ರೇಣುಕಾಪ್ರಸಾದ್ ಮಾಮ ಹೊಟ್ಟೆ ಹಿಡ್ಕೊಂಡು ನಕ್ಕ. ಸಾನಾ ನಕ್ಕೋಳು ಅರ್ಧದಲ್ಲೇ ಬಾಯಿ ಮುಚ್ಕೊಂಡ್ಲು. ರಹೀಮಾ ಆಂಟಿ ನಗ್ಲಿಲ್ಲ.

"ಭಾನೂ!" ಅಂದ ಅಪ್ಪ.

ಅಜ್ಜಿಗೆ ಮೊದ್ಲು ಅರ್ಥ ಆಗ್ಲಿಲ್ಲ. ಎಲ್ರೂ ನಗ್ತಾವ್ರೆ ಅಂತ ಅವಳೂ ಒಸಿ ನಕ್ಕಳು. "ಏನಂದ್ಲು ಮಗ? ಏನ್ ಪೈರು?"

ಕೊನೆಗೆ ಭಾನೂನೇ ಹೇಳಿದ್ಲು. ಈ ಸಲ ದನಿ ಸಣ್ಣದಾಗಿತ್ತು. "ಅಂದ್ರೆ... ಡೇಟ್ ಮುಗ್ದೋಗೈತೆ ಅಂತ ಅಜ್ಜಿ. ತಿನ್ನಂಗಿಲ್ಲ. ಕೆಟ್ಟೋಗಿರ್ತದೆ."

"ಕೆಟ್ಟೋಗೈತಾ?" ಅಜ್ಜಿ ನಗು ನಿಂತೋಯ್ತು. "ನಾನು ಮುಚ್ಚಳಾನೂ ತೆಗ್ದಿಲ್ವಲ್ಲವ್ವ? ಇಲಿ ಮುಟ್ಟದಂಗೆ ಟ್ರಂಕಲ್ಲಿ ಇಟ್ಟಿದ್ದೆ."

"ಏನೂ ಕೆಟ್ಟಿಲ್ಲ ದೊಡ್ಡವ್ವ" ಅಪ್ಪ ಕೈ ಚಾಚಿದ. "ಕೊಡಮ್ಮಿ ಇಲ್ಲಿ. ಹಳೇ ಹುಣಸೆಹಣ್ಣು, ಹಳೇ ಉಪ್ಪಿನಕಾಯಿ ತಿಂದು ಬೆಳೆದೋನು ನಾನು. ಅದಕ್ಕೆಲ್ಲಾ ಯಾವನು ಡೇಟ್ ಹಾಕಿದ್ದ? ಲೋಟ ತಗಂಬಾ, ಈಗ್ಲೇ ಕುಡೀತೀನಿ."

"ಲೇ ನಾಗ, ಹುಣಸೆಹಣ್ಣೇ ಬೇರೆ, ಇದೇ ಬೇರೆ ಕಣ್ಲಾ" ಅಂದ ಮಾಮ. "ಕಾಲ್ ಜೊತೆ ಹೊಟ್ಟೇನೂ ಕೆಡಿಸ್ಕಂಡೀಯ."

"ನಿಂಗೊತ್ತಿಲ್ಲ, ಸುಮ್ಕಿರ್ಲಾ. ಒಸಿ ದಿನ ಆಚೀಚೆ ಆದ್ರೆ ಏನಾಗಲ್ಲ."

"ಒಸಿ ದಿನ ಅಲ್ಲ ಕಣ್ಲಾ, ವರ್ಷ!"

ಅಪ್ಪ ಕೇಳ್ಲಿಲ್ಲ. ಮುಚ್ಚಳ ತಿರುಪಿದ. ಒಳಗಿದ್ದ ಬೆಳ್ಳಿ ಕಾಗದ ಹರಿದ. ಸ್ಪೂನ್ ಹಾಕಿದ್ರೆ ಟಣ್ ಅಂತು. ಪುಡಿ ಇಟ್ಟಿಗೆ ಥರ ಗಟ್ಟಿಯಾಗಿತ್ತು. ಅಪ್ಪ ಸ್ಪೂನಲ್ಲಿ ಕೆರೆದ. ನೆನೆದ ಗೋಣಿಚೀಲದ ವಾಸನೆ ರೂಮೆಲ್ಲಾ ತುಂಬ್ಕೊಳ್ತು. ಆದ್ರೂ ಅಪ್ಪ ಕೆರೆದಿದ್ದನ್ನ ಲೋಟಕ್ಕೆ ಹಾಕಕ್ಕೋದ.

ಅಜ್ಜಿ ಎದ್ದು ಬಂದು ಅವನ ಕೈ ಹಿಡ್ಕೊಂಡ್ಲು. ಡಬ್ಬೀನ ಬಿಡಿಸ್ಕೊಂಡ್ಲು.

"ಬ್ಯಾಡ ಕಣ್ ಮಗಾ. ಮಗ ಓದ್ದೋಳು ಹೇಳ್ತಾವ್ಳೆ. ಗೊತ್ತಿಲ್ದೆ ನಿನ್ ಹೊಟ್ಟೆಗೆ ವಿಷ ಹಾಕ್ಬುಡ್ತಿದ್ನಲ್ಲಪ್ಪ."

ಮುಚ್ಚಳ ಹಾಕಿದ್ಲು. ಅದೇ ಟವೆಲ್ಲು ಸುತ್ತಿದ್ಲು. ಚೀಲದೊಳಕ್ಕೆ ಇಟ್ಲು.

"ಬತ್ತೀನಿ. ಬಸ್ ಹೊಂಟೋಯ್ತದೆ."

"ದೊಡ್ಡತ್ತೆ, ಮುದ್ದೆ ಆಗೈತೆ. ಉಪ್ಸಾರು ಮಾಡಿದ್ದೀನಿ. ಒಂದ್ ತುತ್ತು ತಿನ್ಕೊಂಡು ಹೋಗಿ" ಅಂತ ಅಮ್ಮ ಬಾಗಿಲಿಗೆ ಅಡ್ಡ ನಿಂತ್ಲು.

"ಹೊಟ್ಟೆ ತುಂಬೈತೆ ಕಣವ್ವ."

ಅಕ್ಕೂರಿಂದ ಬಿಸಿಲಲ್ಲಿ ಬಂದೋಳಿಗೆ ಹೊಟ್ಟೆ ಎಲ್ಲಿಂದ ತುಂಬಿರುತ್ತೆ? ಅದು ಭಾನೂಗೂ ಗೊತ್ತಾಯ್ತು. ಅಜ್ಜಿ ಒಂದು ಲೋಟ ನೀರೂ ಕುಡೀದೆ ಮೆಟ್ಟಿಲಿಳಿದು ಹೋದ್ಲು.

ಭಾನು ಅಡುಗೆಮನೆಗೆ ಹೋದ್ಲು. ಬೈಗುಳ ತಿನ್ನಕ್ಕೆ ರೆಡಿಯಾಗೇ ಹೋದ್ಲು. ಬೈದ್ರೆ ಅಳಬಹುದು, ಅತ್ರೆ ಮುಗೀತು ಅಂತ ಲೆಕ್ಕ. ಆದ್ರೆ ಅಮ್ಮ ಬೈಲಿಲ್ಲ. ಒಲೆ ಕಡೆ ಮುಖ ಮಾಡ್ಕೊಂಡು ನಿಂತಿದ್ಲು.

"ಅಮ್ಮಾ, ಡೇಟ್ ಮುಗ್ದಿದ್ದು ನಿಜ ತಾನೆ? ಅಪ್ಪ ಕುಡಿದಿದ್ರೆ?"

"ನಿಜ."

"ಮತ್ತೆ?"

ಅಮ್ಮ ತಿರುಗ್ಲಿಲ್ಲ. "ಆ ಡಬ್ಬಿ ಯಾರ್ದು ಗೊತ್ತಾ?"

"ಅಜ್ಜೀದು."

"ನಮ್ದು."

ಭಾನೂಗೆ ತಲೆ ಬುಡ ತಿಳೀಲಿಲ್ಲ.

"ಹೋದ ವರ್ಷ ಶಿವರಾತ್ರಿ ಟೈಮಲ್ಲಿ ದೊಡ್ಡತ್ತೆಗೆ ಜ್ವರ ಬಂದು ಮಲಗಿದ್ರಲ್ಲ, ನೋಡಕ್ಕೋಗಿದ್ವಿ. ಆಗ ನಾನೇ ಕೊಟ್ಬಂದಿದ್ದು. ಯಾರೋ ನಮಗೆ ತಂದ್ಕೊಟ್ಟಿದ್ದು, ಶೆಲ್ಫಲ್ಲಿ ಹಂಗೇ ಇತ್ತು. ಮೂಳೆಗೆ ಒಳ್ಳೇದು, ಕುಡೀರಿ ಅಂತ ನಾನೇ ಅವ್ರಿಗೆ ಹೇಳಿದ್ದೆ." ಅಮ್ಮ ಸೌಟು ತಗೊಂಡ್ಲು, ಮತ್ತೆ ಅಲ್ಲೇ ಇಟ್ಲು. "ಅವ್ರು ಕುಡಿದೇ ಇಲ್ಲ. ಇಷ್ಟು ದಿನ ಎತ್ತಿಟ್ಟವ್ರೆ. ನಿಮ್ಮಪ್ಪಂದು ಮೂಳೆ ಮುರೀತು ಅಂತ ತಗೊಂಡು ಬಂದವ್ರೆ."

"ಆಗ ಡೇಟ್ ಸರಿಯಾಗಿತ್ತಾ ಅಮ್ಮ?"

ಅಮ್ಮ ಒಲೆ ಉರಿ ಸಣ್ಣ ಮಾಡಿದ್ಲು.

"ಇನ್ನೇನು ಮುಗಿಯೋದ್ರಲ್ಲಿತ್ತು. ನೋಡಿದ್ದೆ ನಾನು. ನಮ್ಮನೇಲಿ ಯಾರೂ ಕುಡಿಯಲ್ಲ, ಸುಮ್ನೆ ವೇಸ್ಟ್ ಆಗುತ್ತೆ ಅನ್ಕೊಂಡೆ. ಅವ್ರಿಗೇನು ಓದಕ್ ಬರುತ್ತಾ ಅನ್ಕೊಂಡೆ."

ಅಮ್ಮ ಇಂಥಾ ಮಾತಾಡಿದ್ದನ್ನ ಭಾನು ಯಾವತ್ತೂ ಕೇಳಿರ್ಲಿಲ್ಲ. ಅಮ್ಮನ ಕಿವಿ ಕೆಂಪಗಾಗಿತ್ತು. ಭಾನು ಕಿವೀನೂ ಬಿಸಿಯಾಯ್ತು. ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ.

ಕನ್ನಡಕ ಅಲ್ಲೇ ಕಟ್ಟೆ ಮೇಲಿಟ್ಟು ಭಾನು ಓಡಿದ್ಲು.

ಈಗ ನೋಡಿ ಸೀನು! ಬಿಸಿಲು. ಧೂಳು. ಹಿಂದ್ಗಡೆ ಢಣ್ ಢಣ್ ಅಂತ ಮ್ಯೂಸಿಕ್ಕು. ಭಾನುಪ್ರಿಯ ಓಡ್ತಾವ್ಳೆ. ಎಳನೀರು ಗಾಡಿ ಮೇಲಿಂದ ಹಾರಿದ್ಲು. ಬಸ್ ಸ್ಟ್ಯಾಂಡಲ್ಲಿ ಅಕ್ಕೂರ್ ಬಸ್ ಹೊರಟೇಬಿಡ್ತು. ಭಾನು ಅಡ್ಡ ಬಂದು ಒಂದೇ ಕೈ ಚಾಚಿದ್ಲು. ಕ್ರೀಂಯ್ಕ್ ಅಂತ ಬಸ್ ನಿಂತೋಯ್ತು! ಬಾಗಿಲಲ್ಲಿ ಅಜ್ಜಿ. "ಅಜ್ಜೀ, ನನ್ನ ಕ್ಷಮಿಸು! ನಿನ್ನ ಪ್ರೀತೀಗೆ ಎಕ್ಸ್‌ಪೈರಿ ಡೇಟೇ ಇಲ್ಲ!" ಅಜ್ಜಿ ಅವಳನ್ನ ತಬ್ಕೊಂಡ್ಲು. ಕಂಡಕ್ಟ್ರು ಕಣ್ಣೊರೆಸ್ಕೊಂಡ. ಜನ ಎಲ್ಲಾ ವಿಷಲ್ಲು...

ತಡೀರಿ. ಚಪ್ಪಾಳೆ ಹೊಡೀಬೇಡಿ.

ಸುಳ್ಳು ಹೇಳ್ಬುಟ್ಟೆ. ಅಷ್ಟೊತ್ತಿಂದ ಭಾನೂನ ಹೀರೋ ಮಾಡಿ ಹೇಳ್ತಿದ್ನಲ್ಲ, ಅದೇ ಗುಂಗಲ್ಲಿ ಬಂದ್ಬುಡ್ತು. ನಡೆದಿದ್ದು ಹಂಗಲ್ಲ. ಹೆಂಗೆ ನಡೀತೋ ಹಂಗೇ ಹೇಳ್ತೀನಿ, ಕೇಳಿ.

ಬಸ್ಸು ನಿಂತೇ ಇತ್ತು. ಡ್ರೈವರ್ ಇನ್ನೂ ಬಂದಿರ್ಲಿಲ್ಲ. ಅಜ್ಜಿ ಕಿಟಕಿ ಪಕ್ಕ ಕೂತಿದ್ಲು, ಚೀಲ ತೊಡೆ ಮೇಲಿತ್ತು. ಭಾನು ಎಳನೀರು ಗಾಡಿ ಹಿಂದೆ ಅವಿತ್ಕೊಂಡು ನಿಂತ್ಲು. ಮುಂದಕ್ಕೆ ಹೋಗಕ್ಕೆ ಆಗ್ಲಿಲ್ಲ. ಹಿಂದಕ್ಕೆ ಹೋಗಕ್ಕೂ ಆಗ್ಲಿಲ್ಲ. ದಾರಿ ಉದ್ದಕ್ಕೂ ರೆಡಿ ಮಾಡ್ಕೊಂಡು ಬಂದಿದ್ದ ಡೈಲಾಗು ಒಂದೂ ನೆನಪಾಗ್ಲಿಲ್ಲ.

ಅಜ್ಜೀನೇ ಅವಳನ್ನ ನೋಡಿದ್ಲು.

"ಯಾಕವ್ವಾ ಬಂದೆ? ಬಾ ಇಲ್ಲಿ. ಅಯ್ಯೋ, ಬರೀಗಾಲಲ್ಲಿ ಬಂದ್ಬುಟ್ಟವ್ಳಲ್ಲಪ್ಪ!"

ಆಗ್ಲೇ ಭಾನೂಗೆ ಗೊತ್ತಾಗಿದ್ದು, ಚಪ್ಪಲಿ ಹಾಕ್ಕೊಂಡಿಲ್ಲ ಅಂತ. ಅಂಗಾಲು ಚುರುಚುರು ಅಂತಿತ್ತು. ಕಿಟಕಿ ಕೆಳಗೆ ಹೋಗಿ ನಿಂತ್ಲು.

"ಅಜ್ಜಿ, ಆ ಡಬ್ಬಿ... ಅದು ನಮ್ಮ..."

"ಶ್!" ಅಜ್ಜಿ ಅಕ್ಕಪಕ್ಕ ನೋಡಿದ್ಲು. ಆಮೇಲೆ ಕಿಟಕಿ ಕಂಬಿ ಹತ್ರ ಮುಖ ತಂದು ಮೆಲ್ಲಗೆ ಹೇಳಿದ್ಲು. "ಗೊತ್ತು ಕಣವ್ವ. ನನಗೆ ಡಬ್ಬಿ ತಂದ್ಕೊಡೋರು ಇನ್ಯಾರವ್ರೆ? ಪಾಪ, ನಿಮ್ಮಮ್ಮಂಗೂ ಗೊತ್ತಾಗಿಲ್ಲ. ಅವ್ಳಿಗೆ ಏನೂ ಅನ್ಬ್ಯಾಡ. ಅಷ್ಟ್ ಜನ ಕೂತಿದ್ರು, ಅವ್ರ ಮುಂದೆ ಯಾಕೆ ಅಂತ ನಾನೂ ಸುಮ್ಕಾದೆ."

ಅಮ್ಮಂಗೆ ಗೊತ್ತಿತ್ತು ಅಂತ ಹೇಳಕ್ಕೆ ಭಾನು ಬಾಯಿ ತೆಗೆದ್ಲು. ಮತ್ತೆ ಮುಚ್ಕೊಂಡ್ಲು.

ಅಷ್ಟು ಜನ ನಗ್ತಿದ್ದಾಗ, ಭಾನು ಕೈ ಚಾಚಿ ಎಕ್ಸ್‌ಪೈರಿ ಅಂದಾಗ, ಅಜ್ಜಿ ಬಾಯಲ್ಲಿ ಒಂದು ಮಾತಿತ್ತು. "ನಿಮ್ಮಮ್ಮನೇ ಕೊಟ್ಟಿದ್ದು ಕಣಮ್ಮಿ." ಅಷ್ಟೇ. ಅಷ್ಟು ಅಂದಿದ್ರೆ ಇಡೀ ರೂಮು ಗಪ್‌ಚುಪ್. ಭಾನೂನ ಎಲ್ಲಾ ಡೈಲಾಗೂ ಸೇರ್ಸಿದ್ರೂ ಆ ಒಂದು ಮಾತಿನ ಮುಂದೆ ನಿಲ್ತಿರ್ಲಿಲ್ಲ. ಅಜ್ಜಿ ಅದನ್ನ ನುಂಗ್ಕೊಂಡು, ಉಪ್ಸಾರು ಮುದ್ದೇನೂ ಬಿಟ್ಟು, ಎದ್ದು ಬಂದಿದ್ಲು.

"ಅದನ್ನ ಇಲ್ಲೇ ಬಿಸಾಕಜ್ಜಿ" ಅಂದ್ಲು ಭಾನು. ಹೇಳಬೇಕು ಅನ್ಕೊಂಡಿದ್ದು ಅದಲ್ಲ. ಬಾಯಿಗೆ ಬಂದಿದ್ದು ಅದು.

"ಇಲ್ಲಿ ಬಿಸಾಕಿದ್ರೆ ಯಾವ್ದಾರ ಮಗ ಎತ್ಕಂಡು ತಿಂದ್ಬುಟ್ರೆ? ಊರಲ್ಲಿ ತಿಪ್ಪೆಗೆ ಹಾಕ್ತೀನಿ. ಡಬ್ಬಿ ಚೆನ್ನಾಗೈತೆ, ತೊಳೆದು ಉಪ್ಪು ಹಾಕಿಟ್ಕತ್ತೀನಿ." ಅಜ್ಜಿ ಕಂಬಿ ಸಂದೀಲಿ ಕೈ ಹಾಕಿ ಅವಳ ಕೆನ್ನೆ ಮುಟ್ಟಿದ್ಲು. ಸೊಪ್ಪು ಕುಯ್ದು ಕುಯ್ದು ಬೆರಳು ಒರಟಾಗಿತ್ತು. "ಹೋಗವ್ವ, ನೆರಳಲ್ಲಿ ಹೋಗು. ಕಾಲು ಸುಟ್ಟೋಯ್ತದೆ."

ಡ್ರೈವರ್ ಹತ್ತಿದ. ಬಸ್ ಹೊಂಟೋಯ್ತು.

ಭಾನು ಸಾರಿ ಕೇಳ್ಲಿಲ್ಲ. ಕೇಳ್ಬೇಕು ಅಂತಾನೇ ಓಡಿಬಂದಿದ್ದು. ಆದ್ರೂ ಕೇಳಕ್ಕಾಗ್ಲಿಲ್ಲ.

ಮನೆಗೆ ವಾಪಸ್ ಬಂದಾಗ ರೇಣುಕಾಪ್ರಸಾದ್ ಮಾಮ ಇನ್ನೂ ಕೂತಿದ್ದ. ಹೊಸಾ ರಸ್ಕ್ ಪ್ಯಾಕೆಟ್ ಸ್ಟೂಲ್ ಮೇಲಿತ್ತು. ಅಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ಲು.

"ಬಂದ್ರಪ್ಪಾ ಇನ್‌ಸ್ಪೆಕ್ಟ್ರು!" ಅಂದ ಮಾಮ. "ತನಿಖೆ ಆಯ್ತಾ? ಪಾಪ ಓದಕ್ ಬರ್ದೇ ಇರೋ ಮುದುಕಿ ತಲೆಗೆ ಅಂಥಾ ಡಬ್ಬಿ ಕಟ್ಟಿದ ಕಳ್ಳ ಯಾರಂತೆ? ಹೇಳಿ ಮೇಡಂ, ಕೇಸ್ ಹಾಕೇಬಿಡಣ!"

ಅಮ್ಮನ ಕೈ ನಿಂತೋಯ್ತು. ಒಂದು ಅವರೆಕಾಯಿ ಅರ್ಧ ಬಿಚ್ಚಿದ್ದು ಹಂಗೇ ಇತ್ತು.

ಎಲ್ರೂ ಭಾನೂನೇ ನೋಡ್ತಿದ್ರು. ಅಪ್ಪ, ಮಾಮ, ಬಾಗಿಲಲ್ಲಿ ಸಾನಾ. ಇಷ್ಟು ಜನ ಕಾಯ್ಕೊಂಡಿರುವಾಗ ಭಾನು ಯಾವತ್ತೂ ಬಾಯಿ ಮುಚ್ಕೊಂಡಿದ್ದೋಳಲ್ಲ.

"ಗೊತ್ತಿಲ್ಲ ಮಾಮ" ಅಂದ್ಲು.

"ಅಷ್ಟೇನಾ? ಡೈಲಾಗೇ ಇಲ್ವಾ?"

ಭಾನು ತಲೆ ಅಲ್ಲಾಡಿಸಿದ್ಲು. ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಕೂತ್ಕೊಂಡು ಕಾಲು ಚಾಚಿದ್ಲು. ಅಂಗಾಲು ಕೆಂಡದಂಗೆ ಕೆಂಪಗಾಗಿತ್ತು.

ಅಮ್ಮ ಅವಳ ಮುಖ ನೋಡ್ಲಿಲ್ಲ. ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಎದ್ದು ಹೋದ್ಲು. ಒಂದು ಚೊಂಬು ತಣ್ಣೀರು ತಂದು ಭಾನು ಕಾಲ ಮೇಲೆ ನಿಧಾನವಾಗಿ ಹುಯ್ದ್ಲು.